ಮನ್ನಣೆಗಾಗಿ ಹೋರಾಟ: ಕುದ್ರೋಳಿಯಿಂದ ಹೆಗೆಲ್‌ವರೆಗೆ

2025ರ ಸೆಪ್ಟೆಂಬರ್ 22ಕ್ಕೆ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾಯಿತು. ಶಾಲೆಯ ಶಿಕ್ಷಕರು ಮೊಬೈಲ್ ಹಿಡಿದು ಮನೆಮನೆಗೆ ಬಂದರು. ಒಟ್ಟು 60 ಪ್ರಶ್ನೆ. ಮನೆ, ಜಮೀನು, ಓದು, ಉದ್ಯೋಗ ಎಲ್ಲವನ್ನೂ ಕೇಳಿದರು. ಆದರೆ ಜಗಲಿಯಲ್ಲಿ ಜಾಸ್ತಿ ಚರ್ಚೆಯಾದದ್ದು ನಾಲ್ಕೇ ವಿಷಯ: ಧರ್ಮ ಯಾವುದು, ಜಾತಿ ಯಾವುದು, ಉಪಜಾತಿ ಯಾವುದು, ಮಾತೃಭಾಷೆ ಯಾವುದು. ಹಲವು ಸಮುದಾಯದ ಸಂಘಗಳು ‘ಈ ಕಾಲಂನಲ್ಲಿ ಹೀಗೆಯೇ ಬರೆಸಿ’ ಎಂದು ಕರೆ ಕೊಟ್ಟವು. ಇನ್ನು 2027ರ ರಾಷ್ಟ್ರೀಯ ಜನಗಣತಿಯಲ್ಲೂ ಜಾತಿಯ ಲೆಕ್ಕ ಇದೆ. ಎಲ್ಲ ಜಾತಿಗಳ ಲೆಕ್ಕ ದೇಶದ ಜನಗಣತಿಯಲ್ಲಿ ಕೊನೆಯ ಸಲ ಪ್ರಕಟವಾದದ್ದು 1931ರಲ್ಲಿ.

ಈ ಹೊತ್ತಿನಲ್ಲಿ ಟಿ.ವಿ. ಚರ್ಚೆಯಲ್ಲೂ ಪತ್ರಿಕೆಯಲ್ಲೂ ಒಂದು ಮಾತು ಪದೇ ಪದೇ ಬರುತ್ತಿದೆ: ಅಸ್ಮಿತೆ ರಾಜಕಾರಣ. ಕೆಲವರು ಅದನ್ನು ಬೈಗುಳದ ಹಾಗೆ ಬಳಸುತ್ತಾರೆ, ಕೆಲವರು ಹೆಮ್ಮೆಯಿಂದ. ಅದರ ಹಿಂದೆ ಇನ್ನೂರು ಮುನ್ನೂರು ವರ್ಷಗಳ ಯೋಚನೆ ಇದೆ ಎಂಬುದು ಮಾತ್ರ ಚರ್ಚೆಯ ಗದ್ದಲದಲ್ಲಿ ಕಾಣಿಸುವುದೇ ಇಲ್ಲ.

ಮೊದಲು ಎರಡು ಪದಗಳನ್ನು ಸರಳವಾಗಿ ಹೇಳಿಬಿಡೋಣ. ಒಂದು ಜಾತಿ, ಭಾಷೆ, ಧರ್ಮ, ಲಿಂಗ ಅಥವಾ ಮೈಬಣ್ಣದ ಕಾರಣಕ್ಕೆ ಕಷ್ಟ ಉಂಡವರು, ಅದೇ ಗುರುತನ್ನು ಹಿಡಿದು ಒಟ್ಟಾಗಿ ಹಕ್ಕು ಕೇಳುವುದು ಅಸ್ಮಿತೆ ರಾಜಕಾರಣ. ಎದುರಿನವರು ನನ್ನನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು, ನನ್ನ ಮಾತಿಗೂ ನೋವಿಗೂ ಬದುಕುವ ರೀತಿಗೂ ಬೆಲೆ ಇದೆ ಎಂದು ಒಪ್ಪಿ ಹಾಗೆ ನಡೆದುಕೊಳ್ಳುವುದು ಮನ್ನಣೆ. ಅಸ್ಮಿತೆ ರಾಜಕಾರಣ ಕೇಳುವುದರಲ್ಲಿ ಮುಖ್ಯವಾದದ್ದು ಈ ಮನ್ನಣೆಯನ್ನೇ.

ಮರ್ಯಾದೆ ಹುಟ್ಟಿನಲ್ಲೇ ನಿಗದಿಯಾಗಿದ್ದ ಕಾಲ

ಹಳೆಯ ಕಾಲದಲ್ಲಿ ‘ನಾನು ಯಾರು’ ಎಂದು ತಲೆ ಕೆಡಿಸಿಕೊಳ್ಳುವ ಸಂದರ್ಭವೇ ಕಡಿಮೆ. ತುಳುನಾಡಿನ ಊರೊಂದರ ಕೋಲವನ್ನು ನೆನೆಸಿಕೊಳ್ಳಿ. ಗುತ್ತಿನ ಮನೆಯವರು, ಅಂದರೆ ಊರಿನ ದೊಡ್ಡ ಮನೆತನದವರು, ಎಲ್ಲಿ ಕೂರಬೇಕು, ದೈವ ಯಾರನ್ನು ಮೊದಲು ಕರೆಯಬೇಕು, ಯಾರಿಗೆ ಮೊದಲು ಪ್ರಸಾದ, ಯಾರು ಅಂಗಳದ ಹೊರಗೆ ನಿಲ್ಲಬೇಕು ಎಲ್ಲವೂ ಹುಟ್ಟಿನಿಂದಲೇ ನಿರ್ಧಾರವಾಗಿತ್ತು. ಯುರೋಪಿನಲ್ಲೂ ಜಮೀನ್ದಾರ, ಪಾದ್ರಿ, ಒಕ್ಕಲು ಎಂಬ ಮೆಟ್ಟಿಲುಗಳಿದ್ದವು. ಅಂಥ ಮರ್ಯಾದೆಗೆ ಒಂದು ಗುಣ ಇದೆ. ಅದು ಎಲ್ಲರಿಗೂ ಸಿಕ್ಕಿದರೆ ಬೆಲೆ ಕಳೆದುಕೊಳ್ಳುತ್ತದೆ. ಕೆಲವರಿಗೆ ಸಿಗಬೇಕಾದರೆ ಉಳಿದವರಿಗೆ ಸಿಗಬಾರದು.

ಹದಿನೆಂಟನೇ ಶತಮಾನದ ಯುರೋಪಿನಲ್ಲಿ ಈ ಮೆಟ್ಟಿಲು ಅಲುಗಾಡತೊಡಗಿತು. 1755ರಲ್ಲಿ ಚಿಂತಕ ರೂಸೋ ಅಸಮಾನತೆಯ ಮೂಲದ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದ. ಹೊಟ್ಟೆ ತುಂಬಿಸಿಕೊಳ್ಳುವ, ಜೀವ ಉಳಿಸಿಕೊಳ್ಳುವ ಆಸೆ ಪ್ರಾಣಿಗಳಿಗೂ ಇದೆ. ಮನುಷ್ಯರು ಒಂದು ಕಡೆ ಸೇರಿ ಬದುಕತೊಡಗಿದ ಮೇಲೆ ಇನ್ನೊಂದು ಆಸೆ ಹುಟ್ಟಿಕೊಂಡಿತು ಎಂದು ರೂಸೋ ಗುರುತಿಸಿದ. ಹಾಡುವಾಗ, ಕುಣಿಯುವಾಗ ಪ್ರತಿಯೊಬ್ಬನೂ ಬೇರೆಯವರನ್ನು ನೋಡಿದ, ತನ್ನನ್ನೂ ಅವರು ನೋಡಬೇಕು ಅಂತ ಬಯಸಿದ. ಅಸಮಾನತೆಯ ಮೊದಲ ಹೆಜ್ಜೆ ಅಲ್ಲಿದೆ ಎಂದ. ಬೇರೆಯವರ ಕಣ್ಣಲ್ಲಿ ದೊಡ್ಡವನಾಗುವ ಈ ಹಂಬಲ ಅವನಿಗೆ ಭಯ ಹುಟ್ಟಿಸಿತ್ತು.

ಮೂವತ್ತು ವರ್ಷದ ನಂತರ, 1785ರಲ್ಲಿ, ಜರ್ಮನ್ ತತ್ತ್ವಜ್ಞಾನಿ ಕಾಂಟ್ ಇದಕ್ಕೊಂದು ದಾರಿ ತೋರಿಸಿದ. ವಸ್ತುಗಳಿಗೆ ಬೆಲೆ ಇರುತ್ತದೆ, ಒಂದರ ಬದಲಿಗೆ ಇನ್ನೊಂದನ್ನು ಇಡಬಹುದು. ಮನುಷ್ಯನಿಗೆ ಇರುವುದು ಘನತೆ, ಅದಕ್ಕೆ ಬದಲಿ ಇಲ್ಲ. ಈ ಘನತೆಗೆ ಹುಟ್ಟಿದ ಮನೆ ಕಾರಣವಲ್ಲ. ಸರಿ ತಪ್ಪು ಯೋಚಿಸಿ ನಡೆಯುವ ಶಕ್ತಿ ಎಲ್ಲರಲ್ಲೂ ಇದೆ, ಅದೇ ಕಾರಣ. ಒಬ್ಬರಿಗೆ ಒಂದೇ ಓಟು, ಎಲ್ಲರಿಗೂ ಒಂದೇ ಕಾನೂನು ಎಂದು ಇವತ್ತು ನಾವು ಸಹಜವಾಗಿ ಹೇಳುವ ಮಾತಿಗೆ ಈ ಯೋಚನೆ ದೊಡ್ಡ ಬಲ ಕೊಟ್ಟಿತು.

ಅದೇ ಕಾಲದಲ್ಲಿ ಹರ್ಡರ್ ಎಂಬ ಇನ್ನೊಬ್ಬ ಜರ್ಮನ್ ಚಿಂತಕ ಬೇರೆಯದೇ ಮಾತು ಹೇಳುತ್ತಿದ್ದ. ಪ್ರತಿ ಜನಾಂಗಕ್ಕೂ ಅದರದ್ದೇ ಭಾಷೆ, ಹಾಡು, ಬದುಕಿನ ಅಳತೆಗೋಲು ಇದೆ. ಒಬ್ಬರ ಅಳತೆಗೋಲಿನಿಂದ ಇನ್ನೊಬ್ಬರನ್ನು ಅಳೆಯಬಾರದು. ಜರ್ಮನರು ಫ್ರೆಂಚರ ನಕಲು ಮಾಡಿ ದೊಡ್ಡವರಾಗಬೇಕಾಗಿಲ್ಲ.

ಇಲ್ಲಿ ಎರಡು ಹೊಳೆಗಳು ಹುಟ್ಟಿದವು ಎನ್ನಬಹುದು. ಕಾಂಟ್‌ನ ಹೊಳೆ ಹೇಳುತ್ತದೆ: ನನ್ನ ಜಾತಿ, ಬಣ್ಣ ನೋಡಬೇಡಿ, ನಾನೂ ನಿಮ್ಮ ಹಾಗೇ ಮನುಷ್ಯ. ಹರ್ಡರ್‌ನ ಹೊಳೆ ಹೇಳುತ್ತದೆ: ನನ್ನ ಭಾಷೆ ನೋಡಿ, ನನ್ನ ಆಚರಣೆ ನೋಡಿ, ನಾನು ನಿಮ್ಮ ಹಾಗಲ್ಲ, ಅದಕ್ಕೂ ಬೆಲೆ ಇದೆ. ಎರಡೂ ನ್ಯಾಯವಾದ ಬೇಡಿಕೆಗಳೇ. ಒಂದೇ ಸಮುದಾಯ ಬೆಳಿಗ್ಗೆ ಒಂದನ್ನು, ಸಂಜೆ ಇನ್ನೊಂದನ್ನು ಕೇಳುವುದೂ ಉಂಟು. ಇವತ್ತಿನ ಗೊಂದಲದ ಅರ್ಧ ಭಾಗ ಇದರಿಂದಲೇ ಬರುತ್ತದೆ.

ಗೆದ್ದ ಒಡೆಯನಿಗೆ ಏನು ಸಿಕ್ಕಿತು?

ಮನ್ನಣೆಯ ಬಗ್ಗೆ ಎಲ್ಲಕ್ಕಿಂತ ಆಳವಾದ ಪಾಠ ತತ್ತ್ವಜ್ಞಾನಿ ಹೆಗೆಲ್‌ನದು. ಜರ್ಮನಿಯ ಯೆನಾ ಊರಿನಲ್ಲಿ ಅವನು ತನ್ನ ಮೊದಲ ದೊಡ್ಡ ಪುಸ್ತಕ ಮುಗಿಸುತ್ತಿದ್ದಾಗ, 1806ರ ಅಕ್ಟೋಬರ್‌ನಲ್ಲಿ, ನೆಪೋಲಿಯನ್‌ನ ಸೈನ್ಯ ಅದೇ ಊರಿಗೆ ನುಗ್ಗಿತು. ಪುಸ್ತಕ 1807ರಲ್ಲಿ ಹೊರಬಂತು. ಅದರಲ್ಲಿ ಒಡೆಯ ಮತ್ತು ಆಳಿನ ಬಗ್ಗೆ ಕೆಲವೇ ಪುಟಗಳಿವೆ. ಮುಂದಿನ ಇನ್ನೂರು ವರ್ಷ ಜನ ಆ ಪುಟಗಳ ಬಗ್ಗೆ ವಾದ ಮಾಡುತ್ತಲೇ ಬಂದಿದ್ದಾರೆ.

ಹೆಗೆಲ್ ಹೇಳುವುದು ಇಷ್ಟು. ನಾನು ಸ್ವತಂತ್ರ ವ್ಯಕ್ತಿ ಎಂದು ನನ್ನಷ್ಟಕ್ಕೆ ನಾನು ಅಂದುಕೊಂಡರೆ ಸಾಲದು. ಇನ್ನೊಬ್ಬರು ಅದನ್ನು ಒಪ್ಪಬೇಕು. ಹೀಗೆ ಒಪ್ಪಿಗೆ ಬಯಸುವ ಇಬ್ಬರು ಎದುರುಬದುರಾದರೆ ಏನಾದೀತು? ‘ಮೊದಲು ನೀನು ನನ್ನನ್ನು ಒಪ್ಪು’ ಎಂದು ಜಗಳ. ಜಗಳ ಜೀವದ ತನಕ ಹೋಗುತ್ತದೆ. ಕೊನೆಗೆ ಒಬ್ಬ ಜೀವಕ್ಕೆ ಹೆದರಿ ಸೋಲುತ್ತಾನೆ, ಆಳಾಗುತ್ತಾನೆ. ಇನ್ನೊಬ್ಬ ಒಡೆಯನಾಗುತ್ತಾನೆ.

ಮಾತು ಇಲ್ಲಿಗೆ ಮುಗಿಯುವುದಿಲ್ಲ. ಒಡೆಯನಿಗೆ ಬೇಕಾಗಿದ್ದದ್ದು ಇನ್ನೊಬ್ಬ ಸ್ವತಂತ್ರ ವ್ಯಕ್ತಿಯ ಮನ್ನಣೆ. ಸಿಕ್ಕಿದ್ದು ಆಳಿನ ಮನ್ನಣೆ. ಆಳನ್ನು ಅವನೇ ಲೆಕ್ಕಕ್ಕಿಟ್ಟಿಲ್ಲ.

ತಾಳಮದ್ದಳೆ ಕೇಳುವವರಿಗೆ ಇದು ಬೇಗ ಅರ್ಥವಾದೀತು. ವೇಷವಿಲ್ಲದೆ ಕೂತು ಮಾತಿನಲ್ಲೇ ಪಾತ್ರ ಕಟ್ಟುವ ಹೆಸರಾಂತ ಅರ್ಥಧಾರಿಯ ಎದುರು ಆಗಷ್ಟೇ ಕಲಿಯುತ್ತಿರುವ ಹುಡುಗನನ್ನು ಕೂರಿಸಿದರೆ ಏನಾಗುತ್ತದೆ? ಹುಡುಗ ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾನೆ, ಸೋಲುತ್ತಾನೆ. ಆ ಗೆಲುವಿಗೆ ರುಚಿಯೇ ಇಲ್ಲ. ಹಿರಿಯರ ಪಾಂಡಿತ್ಯ ಸಾಬೀತಾಗಬೇಕಾದರೆ ಎದುರು ಸರಿಸಾಟಿಯಾದವರು ಇರಬೇಕು. ಬೇಡವೆನಿಸಿದರೆ ‘ಇಲ್ಲ, ಒಪ್ಪುವುದಿಲ್ಲ’ ಅನ್ನುವ ಶಕ್ತಿ ಅವರಿಗೆ ಇರಬೇಕು. ಅಂಥವರು ಒಪ್ಪಿದಾಗಲೇ ಆ ಒಪ್ಪಿಗೆಗೆ ತೂಕ. ಹಾಗಾಗಿ ಹೆಗೆಲ್‌ನ ಪ್ರಕಾರ ಮನ್ನಣೆಯನ್ನು ಕಿತ್ತುಕೊಳ್ಳಲು ಬರುವುದಿಲ್ಲ. ಅದು ಎರಡೂ ಕಡೆಯಿಂದ ಬರಬೇಕು, ಇಲ್ಲವೇ ಯಾರಿಗೂ ಪೂರ್ತಿ ಸಿಗುವುದಿಲ್ಲ.

ಕತೆಯಲ್ಲಿ ಆಳಿನ ಪಾಡು ಇನ್ನೂ ಕುತೂಹಲದ್ದು. ಒಡೆಯ ಕೂತು ಉಣ್ಣುತ್ತಾನೆ. ಆಳು ಕಲ್ಲು ಕೆತ್ತುತ್ತಾನೆ, ಗದ್ದೆ ಉಳುತ್ತಾನೆ. ತನ್ನ ಕೈಯಿಂದ ರೂಪುಗೊಂಡ ವಸ್ತುವಿನಲ್ಲಿ ಅವನಿಗೆ ತನ್ನದೇ ಶಕ್ತಿ ಕಾಣಿಸುತ್ತದೆ. ‘ಇದು ನಾನು ಮಾಡಿದ್ದು’ ಎಂಬ ಅರಿವು ಮೂಡುತ್ತದೆ. ಒಡೆಯನಿಗೆ ಈ ದಾರಿ ಇಲ್ಲ.

ತುಳುವಿನ ಕಥನ ಹಾಡುಗಳಾದ ನಮ್ಮ ಪಾಡ್ದನಗಳಿಗೆ ಇದು ಹೊಸ ಮಾತೇ ಅಲ್ಲ. ಕಾರ್ಕಳದ ಗೊಮ್ಮಟನನ್ನು ಕೆತ್ತಿದ ಕಲ್ಕುಡನ ಪಾಡ್ದನದಲ್ಲಿ ಅರಸ ಅವನ ಒಂದು ಕೈ, ಒಂದು ಕಾಲು ಕಡಿಸುತ್ತಾನೆ. ಇಂಥದ್ದೇ ಇನ್ನೊಂದು ಮೂರ್ತಿ ಬೇರೆಲ್ಲೂ ಆಗಬಾರದು ಎಂಬುದು ಅವನ ಹಟ. ಒಡೆಯನಿಗೆ ಭಯ ಹುಟ್ಟಿಸಿದ್ದು ಆಳಿನ ಕತ್ತಿಯಲ್ಲ, ಉಳಿ. ಕೊನೆಗೆ ಕಲ್ಕುಡ, ತಂಗಿ ಕಲ್ಲುರ್ಟಿ ಇಬ್ಬರೂ ದೈವಗಳಾಗುತ್ತಾರೆ. ಊರಿಗೆ ಊರೇ ಅವರ ಮುಂದೆ ಕೈಮುಗಿದು ನಿಲ್ಲುತ್ತದೆ.

ಕುದ್ರೋಳಿ ಕೊಟ್ಟ ಉತ್ತರ

ಮನ್ನಣೆ ಕೊಡದ ಒಡೆಯನ ಬಾಗಿಲಲ್ಲೇ ಕಾಯುತ್ತಾ ಇರಬೇಕೇ? ಮಂಗಳೂರಿನಲ್ಲಿ ಇದಕ್ಕೆ ಒಂದು ನೂರು ವರ್ಷಕ್ಕಿಂತ ಹಳೆಯ ಉತ್ತರ ಇದೆ.

ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಬಿಲ್ಲವರಿಗೆ ಇಲ್ಲಿನ ದೇವಸ್ಥಾನಗಳ ಒಳಗೆ ಪ್ರವೇಶ ಇರಲಿಲ್ಲ. ಮೂರ್ತೆಯ (ಶೇಂದಿ ಇಳಿಸುವ) ಕಸುಬು, ಗದ್ದೆಯ ದುಡಿತ, ಗರಡಿಯಲ್ಲಿ ಕೋಟಿ ಚೆನ್ನಯರ ಆರಾಧನೆ ಎಲ್ಲ ಇತ್ತು. ದೇವಸ್ಥಾನದ ಬಾಗಿಲು ಮಾತ್ರ ಮುಚ್ಚಿತ್ತು. ಆಗ ಕೇರಳದಲ್ಲಿ ನಾರಾಯಣ ಗುರುಗಳ ಹೆಸರು ಹಬ್ಬಿತ್ತು. ಈಳವ ಸಮುದಾಯದಲ್ಲಿ ಹುಟ್ಟಿದ ಅವರು 1888ರಲ್ಲಿ ಅರುವಿಪ್ಪುರಂನಲ್ಲಿ ತಾವೇ ಶಿವಲಿಂಗ ಪ್ರತಿಷ್ಠೆ ಮಾಡಿದ್ದರು. ಹಳೆಯ ನಿಯಮದ ಪ್ರಕಾರ ಅದು ಅವರ ಅಧಿಕಾರವೇ ಅಲ್ಲ. ಹೊಯಿಗೆಬಜಾರಿನ ಕೊರಗಪ್ಪನವರ ಮುಂದಾಳುತನದಲ್ಲಿ ಇಲ್ಲಿನ ಬಿಲ್ಲವರು ಗುರುಗಳನ್ನು ಮಂಗಳೂರಿಗೆ ಕರೆಸಿದರು. 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥ ದೇವಸ್ಥಾನ ಆಯಿತು.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಗುರುಗಳು ‘ನಿಮ್ಮ ದೇವಸ್ಥಾನಕ್ಕೆ ನಮ್ಮನ್ನು ಬಿಡಿ’ ಎಂದು ಕೇಳಲಿಲ್ಲ. ಯಾರು ಪೂಜೆ ಮಾಡಬಹುದು ಎಂದು ನಿರ್ಧರಿಸುವ ಅಧಿಕಾರವನ್ನೇ ಪ್ರಶ್ನಿಸಿದರು. ಇವತ್ತು ಕುದ್ರೋಳಿಯ ಮಂಗಳೂರು ದಸರಾಕ್ಕೆ ಎಲ್ಲ ಜಾತಿಯವರೂ ಸಾಲುಗಟ್ಟಿ ಬರುತ್ತಾರೆ. ಕೇಳದೆ ಇದ್ದಾಗ ಮನ್ನಣೆ ತಾನೇ ನಡೆದು ಬಂತು ಎನ್ನಬಹುದು. 2013ರಲ್ಲಿ ಇದೇ ದೇವಸ್ಥಾನ ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಿತು. ಒಂದು ಸಮುದಾಯ ತನಗಾಗಿ ತೆರೆದ ಬಾಗಿಲು ಇನ್ನೊಬ್ಬರಿಗೂ ತೆರೆದುಕೊಂಡದ್ದಕ್ಕೆ ಇಷ್ಟು ಹತ್ತಿರದ ಉದಾಹರಣೆ ನನಗೆ ಬೇರೆ ಗೊತ್ತಿಲ್ಲ.

ಅದೇ ಮಂಗಳೂರಿನಲ್ಲಿ ಅದಕ್ಕೂ ಮೊದಲು ಇನ್ನೊಂದು ದಾರಿ ಶುರುವಾಗಿತ್ತು. ಕುದ್ಮುಲ್ ರಂಗರಾಯರು ಮೇಲುಜಾತಿಯಲ್ಲಿ ಹುಟ್ಟಿದ ವಕೀಲರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ ದಲಿತ ಮಕ್ಕಳಿಗೆ ಶಾಲೆ ನಡೆಸಿದರು. ಅದಕ್ಕಾಗಿ ಸ್ವಂತ ಸಮುದಾಯದಿಂದ ಬಹಿಷ್ಕಾರ ಅನುಭವಿಸಿದರು. ತಮ್ಮ ಶಾಲೆಯಲ್ಲಿ ಕಲಿತವರು ಕಾರಿನಲ್ಲಿ ಓಡಾಡಬೇಕು, ಆ ಕಾರು ಎಬ್ಬಿಸಿದ ಧೂಳು ತಮ್ಮ ತಲೆಗೆ ತಾಗಬೇಕು ಎಂಬ ಅವರ ಆಸೆ ಊರಿಗೆಲ್ಲ ಗೊತ್ತು. ಕೆಳಗಿರುವವರ ಬೇಡಿಕೆ ಮಾತ್ರ ಸಾಲದು, ಮೇಲಿರುವವರೂ ಬದಲಾಗಬೇಕು ಎಂದು ಹೆಗೆಲ್ ಪುಸ್ತಕದಲ್ಲಿ ಹೇಳಿದ್ದನ್ನು ರಂಗರಾಯರು ಬದುಕಿ ತೋರಿಸಿದರು.

ಇನ್ನು ಅಂಬೇಡ್ಕರ್. 1927ರ ಮಾರ್ಚ್ 20ರಂದು ಮಹಾರಾಷ್ಟ್ರದ ಮಹಾಡ್‌ನ ಚವದಾರ್ ಕೆರೆಯ ನೀರನ್ನು ಅವರು ಸಾವಿರಾರು ಜನರ ಜೊತೆ ಕುಡಿದರು. ಸಾರ್ವಜನಿಕ ಕೆರೆಗಳನ್ನು ಎಲ್ಲರಿಗೂ ತೆರೆಯಬೇಕೆಂದು ಬಾಂಬೆ ಶಾಸನಸಭೆ 1923ರಲ್ಲೇ ನಿರ್ಣಯ ಮಾಡಿತ್ತು. ಕಾಗದದಲ್ಲಿ ಹಕ್ಕು ಇತ್ತು, ಕೆರೆಯ ಬದಿಯಲ್ಲಿ ಇರಲಿಲ್ಲ. ನಾವು ಕೆರೆಗೆ ಹೋಗುತ್ತಿರುವುದು ಬರೀ ನೀರು ಕುಡಿಯಲಿಕ್ಕೆ ಅಲ್ಲ, ಉಳಿದವರ ಹಾಗೆ ನಾವೂ ಮನುಷ್ಯರು ಎಂದು ತೋರಿಸಲಿಕ್ಕೆ ಎಂಬ ಅರ್ಥದ ಮಾತನ್ನು ಅವರು ಆ ಹೋರಾಟದಲ್ಲಿ ಆಡಿದರು. ಮನ್ನಣೆಯ ಹೋರಾಟ ಅಂದರೆ ಏನು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ವಿವರಣೆ ಯಾವ ತತ್ತ್ವಶಾಸ್ತ್ರದ ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ.

ಅವಮಾನ ಒಳಗೆ ಇಳಿದಾಗ

ಮನ್ನಣೆ ಸಿಗದಿದ್ದರೆ ಏನಾಗುತ್ತದೆ? ಸ್ವಲ್ಪ ಬೇಜಾರಾಗುತ್ತದೆ, ಅಷ್ಟೇ ತಾನೇ ಎಂದು ಕೇಳಬಹುದು. ಕೆರಿಬಿಯನ್ ದ್ವೀಪ ಮಾರ್ಟಿನಿಕ್‌ನಲ್ಲಿ ಹುಟ್ಟಿದ ಮನೋವೈದ್ಯ ಫ್ರಾನ್ಜ್ ಫ್ಯಾನನ್ 1952ರಲ್ಲಿ ಇದಕ್ಕೆ ಉತ್ತರ ಬರೆದ. ಫ್ರಾನ್ಸ್‌ನಲ್ಲಿ ಬಿಳಿಯ ಮಗುವೊಂದು ಅವನನ್ನು ನೋಡಿ ತಾಯಿಗೆ ಬೆರಳು ತೋರಿಸುತ್ತದೆ, ಹೆದರಿಕೆಯಾಗುತ್ತದೆ ಎನ್ನುತ್ತದೆ. ಆ ಗಳಿಗೆಯಲ್ಲಿ ತಾನು ಓದಿದ್ದು, ಕಲಿತದ್ದು ಎಲ್ಲ ಕರಗಿ ಬರೀ ಚರ್ಮ ಉಳಿಯಿತು ಎಂದು ಫ್ಯಾನನ್ ವಿವರಿಸುತ್ತಾನೆ. ಹೀನಾಯವಾಗಿ ಕಂಡವರ ಕಣ್ಣಿನಿಂದಲೇ ಮನುಷ್ಯ ತನ್ನನ್ನು ತಾನು ನೋಡಿಕೊಳ್ಳಲು ಶುರುಮಾಡುತ್ತಾನೆ. ಗಾಯ ಒಳಗೆ ಇಳಿಯುವುದು ಹೀಗೆ.

ಹೆಗೆಲ್‌ನಿಗೂ ಅವನು ಒಂದು ತಿದ್ದುಪಡಿ ಹಾಕಿದ. ವಸಾಹತುಗಳಲ್ಲಿ ಒಡೆಯನಿಗೆ ಆಳಿನ ಮನ್ನಣೆ ಬೇಕಾಗಿಯೇ ಇಲ್ಲ, ಬೇಕಾಗಿರುವುದು ದುಡಿತ ಮಾತ್ರ.

ಇದನ್ನು ಅರ್ಥ ಮಾಡಿಕೊಳ್ಳಲು ಮಾರ್ಟಿನಿಕ್‌ಗೆ ಹೋಗಬೇಕಾಗಿಲ್ಲ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಕೊರಗ ಸಮುದಾಯವನ್ನು ಸರ್ಕಾರ ‘ವಿಶೇಷವಾಗಿ ದುರ್ಬಲವಾದ ಬುಡಕಟ್ಟು’ ಎಂದು ಗುರುತಿಸಿದೆ. ಕರ್ನಾಟಕದಲ್ಲಿ ಈ ಪಟ್ಟಿಯಲ್ಲಿ ಇರುವುದು ಎರಡೇ ಸಮುದಾಯ, ಇನ್ನೊಂದು ಜೇನುಕುರುಬ. ಕೊರಗರ ಮೇಲೆ ‘ಅಜಲು’ ಎಂಬ ಪದ್ಧತಿ ಹೇರಲಾಗಿತ್ತು. 2000ದಲ್ಲಿ ರಾಜ್ಯ ಸರ್ಕಾರ ಅದನ್ನು ನಿಷೇಧಿಸಲು ಪ್ರತ್ಯೇಕ ಕಾನೂನು ತಂದಿತು. ಆ ಕಾನೂನು ಏನನ್ನು ನಿಷೇಧಿಸುತ್ತದೆ ಎಂದು ಓದಿದರೆ ಕರುಳು ಹಿಂಡುತ್ತದೆ. ಕೂದಲು, ಉಗುರು ಬೆರೆಸಿದ ಆಹಾರವನ್ನು ಕೊರಗರಿಗೆ ತಿನ್ನಿಸುವುದು. ಕಂಬಳಕ್ಕೆ ಮೊದಲು ಅವರನ್ನು ಕೋಣಗಳ ಹಾಗೆ ಓಡಿಸುವುದು. ಅವರು ಉಳಿದವರಿಗಿಂತ ಕೀಳು ಎಂದು ಭಾವಿಸಿ ನಡೆಸಿಕೊಳ್ಳುವುದು. ಇಂಥದ್ದನ್ನು ಬೇಡ ಎನ್ನಲಿಕ್ಕೆ ನಮ್ಮ ಜಿಲ್ಲೆಗಳಿಗೆ ಒಂದು ಕಾಯಿದೆಯೇ ಬೇಕಾಯಿತು.

ಇದೇ ನೆಲದಲ್ಲಿ ಕೊರಗ ಯುವಕ ಕೊರಗತನಿಯ, ಕೊರಗಜ್ಜನಾಗಿ ಮನೆಮಾತಾಗಿದ್ದಾನೆ. ಕಳೆದುಹೋದ ಚಿನ್ನ ಸಿಗಲಿ ಅಂತ ಎಲ್ಲ ಜಾತಿಯವರೂ ಅವನಿಗೆ ಹರಕೆ ಹೇಳುತ್ತಾರೆ. ದೈವಕ್ಕೆ ಸಿಕ್ಕ ಮನ್ನಣೆ ಅವನ ಜನರಿಗೆ ಸಿಗಲಿಲ್ಲ. ಪೂಜೆ ಒಂದು, ಮನ್ನಣೆ ಇನ್ನೊಂದು.

ಹೆಸರು ಬಂದದ್ದು ಬೋಸ್ಟನ್‌ನಿಂದ

‘ಅಸ್ಮಿತೆ ರಾಜಕಾರಣ’ ಎಂಬ ಹೆಸರು ಈಗಿನ ಅರ್ಥದಲ್ಲಿ ಮೊದಲು ಕಾಣಿಸಿಕೊಂಡದ್ದು 1977ರಲ್ಲಿ, ಅಮೆರಿಕದ ಬೋಸ್ಟನ್‌ನ ಕಪ್ಪು ಮಹಿಳೆಯರ ಒಂದು ಗುಂಪಿನ ಹೇಳಿಕೆಯಲ್ಲಿ. ಗುಂಪಿನ ಹೆಸರು ಕಂಬಾಹೀ ರಿವರ್ ಕಲೆಕ್ಟಿವ್. ಗುಲಾಮಗಿರಿಯ ವಿರುದ್ಧ ಹೋರಾಡಿದ ಹ್ಯಾರಿಯೆಟ್ ಟಬ್ಮನ್ 1863ರಲ್ಲಿ ಏಳುನೂರಕ್ಕೂ ಹೆಚ್ಚು ಗುಲಾಮರನ್ನು ಬಿಡಿಸಿದ ನದಿ ತೀರದ ಹೆಸರು ಅದು.

ಇವರ ಸಮಸ್ಯೆ ವಿಚಿತ್ರವಾಗಿತ್ತು. ಮಹಿಳಾ ಚಳವಳಿಯಲ್ಲಿ ಬಿಳಿಯ ಮಹಿಳೆಯರ ಮಾತು ನಡೆಯುತ್ತಿತ್ತು. ಕಪ್ಪು ಜನರ ಚಳವಳಿಯಲ್ಲಿ ಗಂಡಸರ ಮಾತು. ಎರಡು ಕಡೆಯೂ ಇವರಿಗೆ ‘ನಿಮ್ಮದು ಆಮೇಲೆ’ ಎಂಬ ಉತ್ತರ. ಹಾಗಾಗಿ ನಮ್ಮ ಅನುಭವದಿಂದಲೇ ನಮ್ಮ ರಾಜಕಾರಣ ಹುಟ್ಟಬೇಕು ಎಂದರು. ಬೇರೆಯವರ ಜೊತೆ ಸೇರುವುದಿಲ್ಲ ಎಂದು ಅವರು ಹೇಳಿರಲಿಲ್ಲ. ಕಪ್ಪು ಗಂಡಸರ ಜೊತೆ ಸೇರಿ ಜನಾಂಗಭೇದದ ವಿರುದ್ಧ ಹೋರಾಡುತ್ತೇವೆ ಎಂದೇ ಹೇಳಿದ್ದರು. ಅವರು ಸಮಾಜವಾದಿಗಳೂ ಆಗಿದ್ದರು. ಈಗ ಈ ಹೆಸರನ್ನು ‘ನಮ್ಮವರು ಮಾತ್ರ’ ಎಂಬ ಅರ್ಥಕ್ಕೆ ಇಳಿಸಿದವರು ಆ ಹೇಳಿಕೆಯನ್ನು ಒಮ್ಮೆ ಓದಬೇಕು.

1989ರಲ್ಲಿ ಕಾನೂನು ಪ್ರಾಧ್ಯಾಪಕಿ ಕಿಂಬರ್ಲಿ ಕ್ರೆನ್‌ಶಾ ಇದೇ ಸಮಸ್ಯೆಯನ್ನು ಕೋರ್ಟಿನ ಕೇಸುಗಳಲ್ಲಿ ತೋರಿಸಿದರು. ಜನರಲ್ ಮೋಟರ್ಸ್ ವಿರುದ್ಧ ಕಪ್ಪು ಮಹಿಳೆಯರು ಹಾಕಿದ್ದ ಕೇಸು ಅದರಲ್ಲೊಂದು. ಕಂಪನಿಯಲ್ಲಿ ಮಹಿಳೆಯರಿದ್ದರು, ಆದರೆ ಬಿಳಿಯರು. ಕಪ್ಪು ಜನರೂ ಇದ್ದರು, ಆದರೆ ಗಂಡಸರು. ಎರಡು ಬಗೆಯ ತಾರತಮ್ಯವನ್ನು ಸೇರಿಸಿ ಹೊಸದೊಂದು ವರ್ಗ ಮಾಡಲಾಗದು ಎಂದು ಕೋರ್ಟು 1976ರಲ್ಲಿ ಹೇಳಿತ್ತು. ಎರಡು ಏಟು ಒಟ್ಟಿಗೆ ಬಿದ್ದಾಗ ನೋವು ಎರಡನ್ನು ಕೂಡಿಸಿದಷ್ಟೇ ಇರುವುದಿಲ್ಲ, ಬೇರೆಯೇ ಆಗುತ್ತದೆ ಎಂಬುದು ಕ್ರೆನ್‌ಶಾ ವಾದ. ದಲಿತ ಮಹಿಳೆಯರು ಇದನ್ನು ಎಷ್ಟೋ ಕಾಲದಿಂದ ಹೇಳುತ್ತಿದ್ದಾರೆ.

ತುಳು ಮತ್ತು ಕ್ವಿಬೆಕ್

ಹರ್ಡರ್‌ನ ಹೊಳೆಯನ್ನು ನಮ್ಮ ಕಾಲಕ್ಕೆ ತಂದವರು ಕೆನಡಾದ ತತ್ತ್ವಜ್ಞಾನಿ ಚಾರ್ಲ್ಸ್ ಟೇಲರ್. ಅವರ ಊರು ಮಾಂಟ್ರಿಯಲ್. ಇಂಗ್ಲಿಷ್ ಸಾಗರದ ನಡುವೆ ಫ್ರೆಂಚ್ ಮಾತಾಡುವ ಕ್ವಿಬೆಕ್ ಪ್ರಾಂತ್ಯದಲ್ಲಿದೆ ಅದು. ಅಲ್ಲಿ 1977ರಲ್ಲಿ ಫ್ರೆಂಚ್ ಉಳಿಸಲು ಗಟ್ಟಿಯಾದ ಕಾನೂನು ಬಂತು. ಎಲ್ಲ ಭಾಷೆಗೂ ಒಂದೇ ನಿಯಮ ಇರಲಿ ಎಂದರೆ ದೊಡ್ಡ ಭಾಷೆಯೇ ಗೆಲ್ಲುತ್ತದೆ. ಚಿಕ್ಕದಕ್ಕೆ ವಿಶೇಷ ಕಾಪು ಕೊಟ್ಟರೆ ಕೆಲವರ ಆಯ್ಕೆಗೆ ಅಡ್ಡಿ. 1992ರಲ್ಲಿ ಟೇಲರ್ ಬರೆದ ಪ್ರಬಂಧ ಈ ಇಕ್ಕಟ್ಟಿನ ಬಗ್ಗೆಯೇ. ಮನ್ನಣೆ ಸೌಜನ್ಯಕ್ಕೆ ಕೊಡುವ ವಸ್ತುವಲ್ಲ, ಅದು ಮನುಷ್ಯನ ಅಗತ್ಯ ಎಂದರು.

ಇದು ಮಂಗಳೂರಿನವರಿಗೆ ಕೂಡಲೇ ತಟ್ಟುವ ಮಾತು. 2011ರ ಜನಗಣತಿಯಂತೆ ತುಳು ಮಾತೃಭಾಷೆಯವರು 18 ಲಕ್ಷಕ್ಕೂ ಹೆಚ್ಚು. ಸಂಸ್ಕೃತವನ್ನು ಮಾತೃಭಾಷೆ ಎಂದು ಬರೆಸಿದವರು ಸುಮಾರು 25 ಸಾವಿರ. ಸಂಸ್ಕೃತ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳ ಪಟ್ಟಿಯಲ್ಲಿದೆ, ತುಳು ಇಲ್ಲ. ಕೊಂಕಣಿ 1992ರಲ್ಲಿ ಸೇರಿತು. ತುಳುವಿಗೆ ರಾಜ್ಯದ ಅಕಾಡೆಮಿ ಇದೆ. ತುಳು-ತಿಗಳಾರಿ ಲಿಪಿ 2024ರಲ್ಲಿ ಯುನಿಕೋಡ್‌ಗೂ ಸೇರಿತು. ಆದರೂ ಎಂಟನೇ ಪರಿಚ್ಛೇದದ ಬೇಡಿಕೆ ನಿಂತಿಲ್ಲ. ಮನೆಯಲ್ಲಿ ಅಂಗಡಿಯಲ್ಲಿ ತುಳು ಮಾತಾಡಲು ಯಾರೂ ತಡೆಯುತ್ತಿಲ್ಲವಲ್ಲ, ಮತ್ತೇನು ಬೇಕು ಎಂದು ಹೊರಗಿನವರು ಕೇಳುತ್ತಾರೆ. ತಡೆಯದೇ ಇರುವುದು ಬೇರೆ, ಲೆಕ್ಕಕ್ಕೆ ಇಡುವುದು ಬೇರೆ. ಟೇಲರ್ ಹೇಳುವುದು ಇದನ್ನೇ.

ಅದೇ 1992ರಲ್ಲಿ ಜರ್ಮನಿಯ ತತ್ತ್ವಜ್ಞಾನಿ ಆಕ್ಸೆಲ್ ಹೊನೆಟ್ ಹೆಗೆಲ್‌ನ ವಿಚಾರವನ್ನು ವಿಸ್ತರಿಸಿ ಪುಸ್ತಕ ಬರೆದರು. ಮನ್ನಣೆ ಮೂರು ಕಡೆಯಿಂದ ಬರುತ್ತದೆ ಎಂಬುದು ಅವರ ನೋಟ. ಮನೆಯವರ ಪ್ರೀತಿಯಿಂದ ಧೈರ್ಯ ಬರುತ್ತದೆ. ಕಾನೂನಿನ ಹಕ್ಕಿನಿಂದ ಸ್ವಾಭಿಮಾನ. ನನ್ನ ಕೆಲಸಕ್ಕೂ ಕಸುವಿಗೂ ಸಮಾಜ ಕೊಡುವ ಗೌರವದಿಂದ ‘ನಾನೂ ಬೇಕಾದವನು’ ಎಂಬ ಭಾವ. ಅಜಲು ನಿಷೇಧ ಕಾಯಿದೆ ಎರಡನೆಯದನ್ನು ಕೊಡಬಲ್ಲದು. ಮೂರನೆಯದನ್ನು ಯಾವ ಕಾಯಿದೆಯೂ ಕೊಡಲಾರದು, ಅದು ನೆರೆಹೊರೆಯವರ ಕೈಯಲ್ಲಿದೆ.

ಕಾಲಂ ತುಂಬಿಸುವಾಗ ಆಗುವ ಅಪಾಯ

ಈ ರಾಜಕಾರಣಕ್ಕೆ ವಿರೋಧವೂ ಇದೆ. ಅದನ್ನು ಸುಮ್ನೆ ತಳ್ಳಿಹಾಕಬಾರದು.

ಘಾನಾ ಮತ್ತು ಬ್ರಿಟನ್ನಿನ ಮೂಲದ ತತ್ತ್ವಜ್ಞಾನಿ ಆಂಟನಿ ಅಪಿಯಾ ಅವರ ಆಕ್ಷೇಪ ಹೀಗಿದೆ. ಗುಂಪಿಗೆ ಮನ್ನಣೆ ಸಿಕ್ಕಿದ ಮೇಲೆ ಆ ಗುಂಪಿನವರು ಹೇಗಿರಬೇಕು ಎಂಬ ಹೊಸ ಕಟ್ಟಳೆಯೂ ಹುಟ್ಟಿಕೊಳ್ಳುತ್ತದೆ. ಹೀಗೆ ಉಡಬೇಕು, ಹೀಗೆ ಮದುವೆಯಾಗಬೇಕು, ಇವರಿಗೇ ಓಟು ಹಾಕಬೇಕು. ಹೊರಗಿನವರ ಹಿಡಿತ ತಪ್ಪಿಸಿಕೊಂಡವನು ನಮ್ಮವರದೇ ಹಿಡಿತಕ್ಕೆ ಸಿಗುತ್ತಾನೆ. ಅಮರ್ತ್ಯ ಸೇನ್ 2006ರಲ್ಲಿ ಇನ್ನೊಂದು ಎಚ್ಚರಿಕೆ ಕೊಟ್ಟರು. ಒಬ್ಬನಿಗೆ ಹತ್ತಾರು ಗುರುತುಗಳಿರುತ್ತವೆ. ಉಡುಪಿ ಜಿಲ್ಲೆಯ ಕಾಪು ಕಡೆಯ ಮೀನುಗಾರ್ತಿ ಒಬ್ಬರು ಮೊಗವೀರ ಸಮುದಾಯದವರು, ತುಳು ಮಾತಾಡುವವರು, ತಾಯಿ, ವ್ಯಾಪಾರಿ, ಸ್ವಸಹಾಯ ಸಂಘದ ಸದಸ್ಯೆ, ಭಜನೆ ತಂಡದವರು ಎಲ್ಲವೂ ಆಗಿರಬಹುದು. ಇದರಲ್ಲಿ ಒಂದನ್ನೇ ಹಿಡಿದು ಉಳಿದದ್ದನ್ನು ಅಳಿಸಿದರೆ ಜಗಳ ಹಚ್ಚುವುದು ಸುಲಭ. ಕರಾವಳಿಯಲ್ಲಿ ಇದಕ್ಕೆ ವಿವರಣೆ ಬೇಕಾಗಿಲ್ಲ.

ಲೆಕ್ಕ ಹಾಕುವ ಕೆಲಸವೇ ಗುರುತನ್ನು ಬದಲಾಯಿಸುವುದೂ ಉಂಟು. 1901ರ ಜನಗಣತಿಯಲ್ಲಿ ಕಮಿಷನರ್ ಹರ್ಬರ್ಟ್ ರಿಸ್ಲಿ ಜಾತಿಗಳನ್ನು ಮೇಲು ಕೀಳು ಎಂದು ಸಾಲಾಗಿ ಜೋಡಿಸಲು ಹೊರಟರು. ದೇಶದ ತುಂಬ ಜಾತಿ ಸಂಘಗಳು ತಮ್ಮ ಜಾಗ ಮೇಲೇರಿಸಿ ಎಂದು ಮನವಿ ಬರೆದವು. ಊರಿಂದ ಊರಿಗೆ ಬೇರೆ ಬೇರೆಯಾಗಿದ್ದ, ಅಂಚು ಮಸುಕಾಗಿದ್ದ ಗುಂಪುಗಳು ಗಟ್ಟಿಯಾದ ಗೆರೆ ಪಡೆದವು. ಹಾಗೆಂದು ಲೆಕ್ಕವೇ ಬೇಡ ಎನ್ನಲೂ ಆಗುವುದಿಲ್ಲ. ಎಣಿಸದೇ ಇದ್ದರೆ ಯಾರಿಗೆ ಎಷ್ಟು ಪಾಲು ಸಿಕ್ಕಿಲ್ಲ ಎಂಬುದು ಗೊತ್ತೇ ಆಗುವುದಿಲ್ಲ, ಅಲ್ವಾ?

ಪಾಲು ಬೇಕೋ, ಮನ್ನಣೆ ಬೇಕೋ

ಈ ‘ಪಾಲು’ ಎಂಬ ವಿಷಯವನ್ನು ಮೇಜಿನ ಮೇಲೆ ಇಟ್ಟವರು ಅಮೆರಿಕದ ತತ್ತ್ವಜ್ಞಾನಿ ನ್ಯಾನ್ಸಿ ಫ್ರೇಸರ್. 1995ರಲ್ಲಿ ಅವರು ಕೇಳಿದ್ದು: ಎಲ್ಲರೂ ಮನ್ನಣೆಯ ಬಗ್ಗೆ ಮಾತಾಡುತ್ತಾ ಇದ್ದರೆ ಭೂಮಿ, ಕೂಲಿ, ಆಸ್ತಿಯ ಬಗ್ಗೆ ಮಾತಾಡುವವರು ಯಾರು? ಅನ್ಯಾಯಕ್ಕೆ ಎರಡು ಮುಖ. ಒಂದು, ಸಿಗಬೇಕಾದ ಪಾಲು ಸಿಗದಿರುವುದು. ಇನ್ನೊಂದು, ಸಿಗಬೇಕಾದ ಮನ್ನಣೆ ಸಿಗದಿರುವುದು. ಒಂದರ ಮದ್ದಿನಿಂದ ಇನ್ನೊಂದು ವಾಸಿಯಾಗುತ್ತದೆ ಎಂದು ನಂಬಬೇಡಿ ಎಂದರು.

ಅವಿಭಜಿತ ದಕ್ಷಿಣ ಕನ್ನಡದ ಭೂಸುಧಾರಣೆ ಇದನ್ನು ಚೆನ್ನಾಗಿ ತೋರಿಸುತ್ತದೆ. ದೇವರಾಜ ಅರಸು ಕಾಲದ ತಿದ್ದುಪಡಿ 1974ರ ಮಾರ್ಚ್‌ನಲ್ಲಿ ಜಾರಿಗೆ ಬಂತು. ಒಕ್ಕಲುಗಳು ಡಿಕ್ಲರೇಶನ್ (ಉಳುವ ಭೂಮಿಗಾಗಿ ಅರ್ಜಿ) ಕೊಟ್ಟರು, ಭೂ ನ್ಯಾಯಮಂಡಳಿಯ ಮುಂದೆ ನಿಂತರು, ಗೇಣಿಗೆ ಉಳುತ್ತಿದ್ದ ಗದ್ದೆಗೆ ಒಡೆಯರಾದರು. ಬದಲಾದದ್ದು ಪಹಣಿ ಮಾತ್ರವಲ್ಲ. ಧನಿಗಳ ಅಂಗಳದಲ್ಲಿ ಮುಂಡಾಸು ತೆಗೆದು ನಿಲ್ಲುತ್ತಿದ್ದವರ ಮಕ್ಕಳು ಕಾಲೇಜಿಗೆ ಹೋದರು, ಪಂಚಾಯಿತಿಗೆ ನಿಂತರು. ಇಲ್ಲಿ ಪಾಲು ಸಿಕ್ಕಿದ ಹಿಂದೆಯೇ ಮನ್ನಣೆಯೂ ಬಂತು. ಆದರೆ ಗೇಣಿಯೇ ಇಲ್ಲದ, ಬರೀ ಕೂಲಿಗೆ ದುಡಿಯುತ್ತಿದ್ದವರಿಗೆ ಈ ಕಾನೂನು ಹೆಚ್ಚೇನೂ ಕೊಡಲಿಲ್ಲ. ಕೊರಗರಿಗೆ ಉಳುವ ಭೂಮಿ ಇದ್ದದ್ದೇ ಕಡಿಮೆ. ಪಾಲು ಹಂಚುವಾಗ ಯಾರು ಲೆಕ್ಕದಲ್ಲಿ ಇದ್ದಾರೆ ಎಂಬುದನ್ನು ಮನ್ನಣೆಯೇ ಮೊದಲು ನಿರ್ಧರಿಸಿರುತ್ತದೆ.

ಫ್ರೇಸರ್ ಕೊಟ್ಟ ಅಳತೆಗೋಲು ಒಂದೇ: ಎಲ್ಲರೂ ಸರಿಸಮಾನರಾಗಿ ಭಾಗವಹಿಸಲು ಆಗುತ್ತಿದೆಯೇ? ಫ್ರಾನ್ಸ್‌ನ ಶಾಲೆಗಳ ತಲೆವಸ್ತ್ರದ ವಿವಾದಕ್ಕೆ ಅವರು ಅದನ್ನು ಎರಡು ಸಲ ಹಾಕಿ ನೋಡಿದರು. ಶಾಲೆಯ ನಿಯಮ ಒಂದು ಸಮುದಾಯದ ಹುಡುಗಿಯರನ್ನು ಸಮಾನ ಕಲಿಕೆಯಿಂದ ದೂರ ಇಡುತ್ತಿದೆಯೇ? ಆ ಸಮುದಾಯದ ಪದ್ಧತಿ ಅದೇ ಹುಡುಗಿಯರನ್ನು ಒಳಗೆ ಅಸಮಾನರನ್ನಾಗಿ ಇಡುತ್ತಿದೆಯೇ? ಎರಡನ್ನೂ ಕೇಳಬೇಕು. 2021ರ ಕೊನೆಯಲ್ಲಿ ಉಡುಪಿಯ ಕಾಲೇಜಿನಲ್ಲಿ ಶುರುವಾದ ಹಿಜಾಬ್ ವಿವಾದದಲ್ಲೂ ಎರಡು ಕಡೆಯವರೂ ಸಮಾನತೆಯ ಹೆಸರನ್ನೇ ಹೇಳಿದರು. ಸಮವಸ್ತ್ರದಿಂದ ಎಲ್ಲರೂ ಒಂದೇ ಎಂಬುದು ಒಂದು ವಾದ, ಬೇರೆಯಾಗಿ ಕಂಡರೂ ತರಗತಿಯಲ್ಲಿ ಜಾಗ ಇರಬೇಕು ಎಂಬುದು ಇನ್ನೊಂದು. ಹೈಕೋರ್ಟ್ 2022ರ ಮಾರ್ಚ್ 15ರಂದು ನಿರ್ಬಂಧವನ್ನು ಎತ್ತಿಹಿಡಿಯಿತು. ಅದೇ ವರ್ಷ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಬೇರೆ ಬೇರೆ ತೀರ್ಪು ಕೊಟ್ಟರು. ಕಾಂಟ್‌ನ ಹೊಳೆ, ಹರ್ಡರ್‌ನ ಹೊಳೆ ಒಂದೇ ಕೋರ್ಟಿನ ಅಂಗಳದಲ್ಲಿ ಎದುರಾದ ಹಾಗಿತ್ತು.

ಫ್ರೇಸರ್ ಮತ್ತು ಹೊನೆಟ್ 2003ರಲ್ಲಿ ಒಂದೇ ಪುಸ್ತಕದಲ್ಲಿ ವಾದ ಮಾಡಿದರು. ಪಾಲು ಬೇರೆ, ಮನ್ನಣೆ ಬೇರೆ ಎಂದು ಫ್ರೇಸರ್. ಪಾಲು ಕೇಳುವುದೂ ಕೊನೆಗೆ ಮನ್ನಣೆ ಕೇಳುವುದೇ, ನನ್ನ ದುಡಿತಕ್ಕೆ ಇಷ್ಟೇ ಬೆಲೆ ಕಟ್ಟಿದ್ದು ಅವಮಾನ ಎಂಬ ನೋವೇ ಅದರ ಹಿಂದೆ ಇದೆ ಎಂದು ಹೊನೆಟ್. ಕೊರಗರ ಸಂಘಟನೆಗಳು ಅಜಲು ನಿಲ್ಲಿಸಿ ಎಂದೂ ಕೇಳಿವೆ, ಭೂಮಿ ಕೊಡಿ ಎಂದೂ ಕೇಳಿವೆ. ಪ್ರತಿವರ್ಷ ಆಗಸ್ಟ್‌ನಲ್ಲಿ ‘ಭೂಮಿ ಹಬ್ಬ’ ಆಚರಿಸಿ ಆ ಬೇಡಿಕೆಯನ್ನು ಮತ್ತೆ ಮುಂದಿಡುತ್ತವೆ. ತಾಲೂಕು ಕಚೇರಿಯ ಕಡತಕ್ಕೆ ಫ್ರೇಸರ್ ಲೆಕ್ಕವೇ ಅನುಕೂಲ ಎಂದು ನನಗೆ ಅನಿಸುತ್ತದೆ. ಭೂಮಿಗೆ ಒಂದು ಅರ್ಜಿ, ದೌರ್ಜನ್ಯಕ್ಕೆ ಇನ್ನೊಂದು ದೂರು. ಆದರೆ ಭೂಮಿ ಕೊಟ್ಟರೆ ಅಜಲಿನ ಮಾತು ಬಿಡುತ್ತೀರಾ, ಅಜಲು ನಿಂತರೆ ಭೂಮಿಯ ಮಾತು ಬಿಡುತ್ತೀರಾ ಎಂದು ಯಾರಾದರೂ ಕೇಳಿದರೆ ಕೊರಗರು ಎರಡನ್ನೂ ಬಿಡುವುದಿಲ್ಲ. ಅದು ಯಾಕೆ ಎಂದು ತಿಳಿಯಲು ಹೊನೆಟ್ ಅವರನ್ನು ಓದಬೇಕು.